ಜಕ್ಕೂರು ಕೆರೆ: ಏರಿಯ ಮೇಲೊಂದು ಸುತ್ತು

ಬೆಂಗಳೂರಿನ ಜಕ್ಕೂರು ಕೆರೆಯನ್ನು ಅರಿಯಬೇಕಾದರೆ ಉತ್ತರದ ತುದಿಯಿಂದ ಹೊರಡಬೇಕು. ವಾಯುವಿಹಾರಿಗಳು ಬೇಗಬೇಗ ದಾಟುವ ಜಾಗ ಅದು, ವಾಸನೆಯ ಕಾರಣಕ್ಕೆ. ಅಲ್ಲಿ ಜಲಮಂಡಳಿಯ ಕೊಳಚೆ ನೀರು ಶುದ್ಧೀಕರಣ ಘಟಕವಿದೆ. ಆರಂಭದಲ್ಲಿ ಅದರ ಸಾಮರ್ಥ್ಯ ದಿನಕ್ಕೆ 1 ಕೋಟಿ ಲೀಟರ್ ಇತ್ತು. ಹೊರಬಿದ್ದ ನೀರು ನೇರ ಕೆರೆಗಿಳಿಯುವುದಿಲ್ಲ. ಜೊಂಡು ಬೆಳೆದ ಜೌಗಿನಲ್ಲಿ ನಿಧಾನ ಹರಿದು, ತನ್ನೊಳಗಿನ ಸಾರಜನಕ, ರಂಜಕಗಳನ್ನು ಗಿಡಗಳಿಗೆ ಬಿಟ್ಟು ಮುಂದೆ ಸಾಗುತ್ತದೆ. ಸುಮಾರು 160 ಎಕರೆಯ ಕೆರೆ ಬೇಸಿಗೆಯಲ್ಲೂ ತುಂಬಿರುವುದು ಮಳೆರಾಯನಿಗಿಂತ ನಮ್ಮ ಬಚ್ಚಲುಮನೆಗಳ ಕೃಪೆಯಿಂದ!

ಜೌಗಿನಂಚಿನಲ್ಲಿ ದನಕರುಗಳಿಗೆ ಹಸಿಮೇವು ಕೊಯ್ಯುವವರಿದ್ದಾರೆ. ಗಿಡ ಹೀರಿದ ಸಾರ ಅಲ್ಲೇ ಕೊಳೆತರೆ ಮತ್ತೆ ನೀರಿಗೇ ಸೇರುತ್ತದೆ. ಕೊಯ್ದು ಹೊತ್ತೊಯ್ದರೆ ಕೆರೆಯಿಂದ ಹೊರಹೋಗುತ್ತದೆ. ಸಂಬಳವಿಲ್ಲದ ಈ ಶುದ್ಧೀಕರಣದ ಲೆಕ್ಕವನ್ನು ಯಾವ ಕಡತ ಇಟ್ಟಿದೆಯೋ.

ಏರಿ ಹತ್ತಿದರೆ ಹಳೆಯ ವ್ಯವಸ್ಥೆ ನೆನಪಾಗುತ್ತದೆ. ಗದ್ದೆಗಳಿಗೆ ನೀರು ಹಂಚುವ ನೀರುಗಂಟಿ ತೂಬು ಎತ್ತುತ್ತಿದ್ದ, ಊರು ಹೂಳು ತೆಗೆಯುತ್ತಿತ್ತು, ಜಗಳವೆಲ್ಲ ಯಾರ ಗದ್ದೆಗೆ ಮೊದಲು ನೀರು ಎಂಬುದರದು. ಗದ್ದೆಗಳು ಬಡಾವಣೆಗಳಾದ ಮೇಲೆ ನಗರಕ್ಕೆ ಕೆರೆ ಬರೀ ಖಾಲಿ ಜಾಗವಾಗಿ ಕಂಡಿತು. 1980ರ ದಶಕದಲ್ಲಿ ಸರ್ಕಾರ ನೇಮಿಸಿದ ಲಕ್ಷ್ಮಣರಾವ್ ಸಮಿತಿ ಕೆರೆಗಳನ್ನು ಉಳಿಸಿಕೊಳ್ಳಿ ಎಂದಿತು. 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಬಂತು. ಅದರ ಕಾಲದಲ್ಲೇ ಹೆಬ್ಬಾಳ, ನಾಗವಾರ ಕೆರೆಗಳು ಖಾಸಗಿ ಗುತ್ತಿಗೆಗೆ ಹೋದವು. ಟಿಕೆಟ್ ಕೊಂಡು ಕೆರೆ ನೋಡುವುದೇ ಎಂದು 2008ರಲ್ಲಿ ಪ್ರಕರಣ ಹೈಕೋರ್ಟ್ ಮೆಟ್ಟಿಲೇರಿತು. 2014ರಲ್ಲಿ ಕೆರೆ ಸಂರಕ್ಷಣೆಗೆ ಹೊಸ ಕಾಯ್ದೆ ಬಂತು, ನಾಲ್ಕೇ ವರ್ಷದಲ್ಲಿ ಅದೂ ರದ್ದಾಯಿತು.

ಜಕ್ಕೂರು ಕೆರೆಯನ್ನು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಪುನರುಜ್ಜೀವನಗೊಳಿಸಿತು, ಪಾಲಿಕೆ ವಹಿಸಿಕೊಂಡಿತು. ಕೊಳಚೆ ಜಲಮಂಡಳಿಯದು, ಮೀನಿನ ಟೆಂಡರ್ ಮೀನುಗಾರಿಕೆ ಇಲಾಖೆಯದು. ಕಾವಲಿಗೆ ನಿಂತದ್ದು ಸುತ್ತಲ ನಿವಾಸಿಗಳ 'ಜಲಪೋಷಣ್' ಬಳಗ. ಅವರಿಲ್ಲದಿದ್ದರೆ ಕೆರೆ ಈ ಸ್ಥಿತಿಯಲ್ಲಿ ಇರುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ. ಆದರೂ ಒಂದು ಮಾತು: ಹಕ್ಕಿ ನೋಡುವವರ ಕೆರೆ, ಬಲೆ ಬೀಸುವವರ ಕೆರೆ, ಮೇವು ಕೊಯ್ಯುವವರ ಕೆರೆ ಒಂದೇ ಅಲ್ಲ. ಇಂಗ್ಲಿಷಿನಲ್ಲಿ ಮನವಿ ಬರೆಯಬಲ್ಲವರ ಕೆರೆಯೇ ಕೊನೆಗೆ ನಿಯಮವಾಗಿಬಿಡುತ್ತದೆ. ಜೌಗನ್ನು ಯಾವಾಗ, ಎಷ್ಟು ಕೊಯ್ಯಬೇಕೆಂದು ತೀರ್ಮಾನಿಸುವಾಗ ಕುಡುಗೋಲು ಹಿಡಿದವರನ್ನು ಮೊದಲು ಕೇಳಬೇಕು.

ಇಲ್ಲಿಂದ ಹೊರಬಿದ್ದ ನೀರು ರಾಚೇನಹಳ್ಳಿ ಕೆರೆಗೆ ಹೋಗುತ್ತದೆ. ಜೌಗು ಕಟ್ಟಿಕೊಂಡರೆ ಪೆಟ್ಟು ಎರಡಕ್ಕೂ. ಬೇಲಿ, ಬೀಗ, ನಾಮಫಲಕ ಮಾತ್ರ ಕೆರೆಗೊಂದು.