ಎಣ್ಣೆ ಬಾಯ್ಲರ್‌ನಿಂದ ಗ್ಯಾಸ್ ಬಾಯ್ಲರ್‌ಗೆ
ಅಮೆರಿಕದ ಈಶಾನ್ಯ ರಾಜ್ಯಗಳ ಎಷ್ಟೋ ಹಳೆಯ ಮನೆಗಳನ್ನು ಚಳಿಗಾಲದಲ್ಲಿ ಬೆಚ್ಚಗಿಡುವುದು ಡೀಸೆಲ್‌ನಂಥ ಎಣ್ಣೆ. ನೆಲಮಾಳಿಗೆಯಲ್ಲಿ ಸಾಮಾನ್ಯವಾಗಿ 275 ಗ್ಯಾಲನ್, ಅಂದರೆ ಸುಮಾರು 1,040 ಲೀಟರಿನ ಉಕ್ಕಿನ ಟ್ಯಾಂಕ್, ಪಕ್ಕದಲ್ಲೇ ಬಾಯ್ಲರ್. ಗ್ಯಾಸಿಗೆ ಬದಲಾಗಲು ಬೀದಿಯಲ್ಲಿ ಗ್ಯಾಸ್ ಪೈಪ್‌ಲೈನ್ ಇರಬೇಕು. ಕೆಲವು ಬಾಯ್ಲರ್‌ಗಳಿಗೆ ಬರ್ನರ್ ಬದಲಿಸಿದರೂ ನಡೆಯುತ್ತದೆ. ಆದರೆ ಇಂಧನದ ಶೇ 90ರಷ್ಟು ಶಾಖವನ್ನು ಬಳಕೆಗೆ ತರುವ ಕಂಡೆನ್ಸಿಂಗ್ ಬಾಯ್ಲರೇ ಮೇಲು. ಅದರ ಹೊಗೆಯಲ್ಲಿ ಬಿಸಿ ಕಡಿಮೆ, ತೇವ ಹೆಚ್ಚು. ಹಾಗಾಗಿ ಇಟ್ಟಿಗೆ ಚಿಮಣಿ ಬಿಟ್ಟು, ಗೋಡೆಯ ಮೂಲಕ ಪ್ಲಾಸ್ಟಿಕ್ ಕೊಳವೆ ಹಾಯಿಸುತ್ತಾರೆ.

ಹೆಚ್ಚಿನ ಎಚ್ಚರ ಬೇಕಾದದ್ದು ಹಳೆಯ ಟ್ಯಾಂಕಿನ ವಿಷಯದಲ್ಲಿ. ಟ್ಯಾಂಕ್ ತೆಗೆದು, ಹೊರಗೋಡೆಯಲ್ಲಿರುವ ಎಣ್ಣೆ ತುಂಬುವ ಕೊಳವೆಯನ್ನು ಹಾಗೇ ಬಿಟ್ಟರೆ, ವಿಳಾಸ ತಪ್ಪಿ ಬಂದ ಟ್ಯಾಂಕರ್ ನೂರಾರು ಲೀಟರ್ ಎಣ್ಣೆಯನ್ನು ನೆಲಮಾಳಿಗೆಗೇ ಸುರಿದುಬಿಡಬಹುದು. ಇಂಥ ಅನಾಹುತಗಳು ನಡೆದಿವೆ. ಟ್ಯಾಂಕಿನ ಜೊತೆಗೇ ಆ ಕೊಳವೆಯನ್ನೂ ಕಿತ್ತುಹಾಕಬೇಕು.