ಚಳಿನಾಡಿನ ಮನೆಯ ಕಿಟಕಿ

ನಮ್ಮ ನಾಡಿನಿಂದ ಇಂಗ್ಲೆಂಡಿಗೆ ಹೋಗಿ ನೆಲಸಿರುವ ಕುಟುಂಬಗಳು ಅನೇಕ. ಮಕ್ಕಳ ಮನೆಯಲ್ಲಿ ಕೆಲವು ತಿಂಗಳು ಇದ್ದು ಬರಲೆಂದು ಹೋಗುವ ಹಿರಿಯರೂ ಉಂಟು. ಅಲ್ಲಿಯ ಚಳಿಗಾಲದಲ್ಲಿ ಬೆಳಗ್ಗೆ ಎದ್ದು ನೋಡಿದರೆ ಕಿಟಕಿಯ ಗಾಜಿನ ಒಳಮೈಯಿಂದ ನೀರು ಇಳಿಯುತ್ತಿರುತ್ತದೆ. ಮಳೆ ಸೋರಿತೆಂದು ಕೆಲವರು ಭಾವಿಸುವರು. ವಾಸ್ತವವಾಗಿ ಅದು ಮನೆಯವರ ಉಸಿರಿನಿಂದಲೂ ಅಡಿಗೆಯ ಹಬೆಯಿಂದಲೂ ಹುಟ್ಟಿದ ನೀರು.

ಬೆಚ್ಚಗಿನ ಗಾಳಿಯು ಹೆಚ್ಚು ನೀರಾವಿಯನ್ನು ಹಿಡಿದಿರಬಲ್ಲುದು. 20 ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಂದು ಘನಮೀಟರು ಗಾಳಿಗೆ ಸುಮಾರು 17 ಗ್ರಾಂ ಹಿಡಿಸಿದರೆ, 0 ಡಿಗ್ರಿಯಲ್ಲಿ ಹಿಡಿಸುವುದು ಸುಮಾರು 5 ಗ್ರಾಂ ಮಾತ್ರ. ಹೊರಗೆ 0 ಡಿಗ್ರಿ, ಒಳಗೆ 20 ಡಿಗ್ರಿ ಇರುವಾಗ ಒಂಟಿ ಗಾಜಿನ ಒಳಮೈ 5-6 ಡಿಗ್ರಿಗೆ ಇಳಿದಿರುತ್ತದೆ. ಕೋಣೆಯ ಗಾಳಿ ಅದನ್ನು ಮುಟ್ಟಿದೊಡನೆ, ಹೊರಲಾರದ ತೇವವನ್ನು ಅಲ್ಲಿಯೇ ಇಳಿಸುತ್ತದೆ. ಇಬ್ಬರು ಮಲಗುವ ಕೋಣೆಗೆ ಒಂದು ರಾತ್ರಿಯಲ್ಲಿ ಸುಮಾರು ಅರ್ಧ ಲೀಟರು ನೀರು ಆವಿಯಾಗಿ ಸೇರುವುದುಂಟು. ಅನ್ನ, ಸಾರುಗಳ ಹಬೆ, ಬಿಸಿನೀರಿನ ಸ್ನಾನ, ಒಳಗೆ ಹರವಿದ ಒದ್ದೆ ಬಟ್ಟೆ ಇವುಗಳ ಪಾಲು ಬೇರೆ.

ಇದನ್ನು ಅಲ್ಪವೆಂದು ಉಪೇಕ್ಷಿಸಲಾಗದು. ತೇವ ನಿಂತಲ್ಲಿ ಬೂಷ್ಟು ಹುಟ್ಟುತ್ತದೆ. 2020ರ ಡಿಸೆಂಬರಿನಲ್ಲಿ ರಾಚ್‌ಡೇಲ್ ಪಟ್ಟಣದ ಬಾಡಿಗೆ ಮನೆಯೊಂದರಲ್ಲಿದ್ದ ಎರಡು ವರ್ಷದ ಮಗುವೊಂದು ತೀರಿಕೊಂಡಿತು. ಮನೆಯ ಬೂಷ್ಟಿನ ನಡುವೆ ಬಹುಕಾಲ ಉಸಿರಾಡಿದುದರಿಂದ ಉಂಟಾದ ಶ್ವಾಸರೋಗವೇ ಇದಕ್ಕೆ ಕಾರಣವೆಂದು 2022ರಲ್ಲಿ ವಿಚಾರಣಾಧಿಕಾರಿ ನಿರ್ಣಯವಿತ್ತರು. ಅಲ್ಲಿಯ ಪಾರ್ಲಿಮೆಂಟು 2023ರಲ್ಲಿ ಶಾಸನ ಮಾಡಿತು. ಸಾರ್ವಜನಿಕ ಬಾಡಿಗೆ ಮನೆಗಳಲ್ಲಿ ಅಪಾಯಕರವಾದ ತೇವ, ಬೂಷ್ಟುಗಳನ್ನು ಗೊತ್ತಾದ ಅವಧಿಯೊಳಗೆ ಸರಿಪಡಿಸತಕ್ಕದ್ದೆಂಬ ನಿಯಮವು 2025ರ ಅಕ್ಟೋಬರಿನಲ್ಲಿ ಜಾರಿಗೆ ಬಂದಿತು.

ಹಾಗಾದರೆ ಗೃಹಸ್ಥರು ಮಾಡತಕ್ಕದ್ದೇನು? ಚಳಿಗೆ ಹೆದರಿ ಸಂದುಗಳನ್ನೆಲ್ಲ ಮುಚ್ಚುವುದೇ ಮೊದಲು ತೋಚುವ ಉಪಾಯ. ಶೀತಗಾಳಿ ನುಗ್ಗುವ ಕಿಟಕಿಯ ಅಂಚಿಗೆ ಅಂಟುಪಟ್ಟಿ ಹಚ್ಚುವುದು ಒಳ್ಳೆಯದೇ. ಆದರೆ ಚೌಕಟ್ಟಿನ ಮೇಲ್ಭಾಗದಲ್ಲಿ ಗಾಳಿಯಾಡಲೆಂದು ಇಟ್ಟಿರುವ ಸಣ್ಣ ಕಂಡಿಯನ್ನು ಮುಚ್ಚಬಾರದು. ಶಾಖವನ್ನು ಉಳಿಸುವುದು, ತೇವವನ್ನು ಹೊರಗಟ್ಟುವುದು, ಈ ಎರಡೂ ಜೊತೆಜೊತೆಯಾಗಿಯೇ ನಡೆಯಬೇಕು. ಒಂದನ್ನು ಮಾತ್ರ ಹಿಡಿದರೆ ಮನೆ ಕೆಡುತ್ತದೆ.

ಅಡಿಗೆ ಮಾಡುವಾಗ ಪಾತ್ರೆಗೆ ಮುಚ್ಚಳವಿರಲಿ, ಹೊಗೆಹೊರಡಿಸುವ ಫ್ಯಾನು ತಿರುಗುತ್ತಿರಲಿ. ಬಚ್ಚಲಿನ ಬಾಗಿಲು ಮುಚ್ಚಿರಲಿ. ದಿನಕ್ಕೆ ಎರಡಾವರ್ತಿ ಐದರಿಂದ ಹತ್ತು ನಿಮಿಷ ಕಿಟಕಿಯನ್ನು ಪೂರ್ಣವಾಗಿ ತೆರೆಯುವುದು ಜರ್ಮನರ ರೂಢಿ. ಅಷ್ಟು ಹೊತ್ತಿನಲ್ಲಿ ಗಾಳಿ ಬದಲಾಗುತ್ತದೆ, ಗೋಡೆ ತಣ್ಣಗಾಗುವುದಿಲ್ಲ. ದಪ್ಪ ಪರದೆಯು ರಾತ್ರಿಯ ಶಾಖವನ್ನು ಕಾಯುತ್ತದೆ; ಆದರೆ ಅದರ ಹಿಂದಿನ ಗಾಜು ಮತ್ತಷ್ಟು ತಣ್ಣಗಾಗುವುದರಿಂದ ಬೆಳಗ್ಗೆ ಪರದೆ ಸರಿಸಿ ನೀರನ್ನು ಒರಸಬೇಕು. ಒರಸಿದ ಬಟ್ಟೆಯನ್ನು ಕೋಣೆಯೊಳಗೇ ಒಣಹಾಕಿದರೆ ಆ ನೀರು ಮರಳಿ ಗಾಳಿಗೇ ಸೇರುವುದು. ಮನೆಯ ಉಷ್ಣತೆ 18 ಡಿಗ್ರಿಗೆ ಕಡಮೆಯಾಗದಿರುವುದು ಲೇಸೆಂದು ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ತಿಳಿಸಿದೆ.

ಜೋಡಿಗಾಜಿನ ಕಿಟಕಿಯ ಒಳಮೈ ಹೆಚ್ಚು ಬೆಚ್ಚಗಿರುವುದರಿಂದ ನೀರು ಕಟ್ಟುವುದು ಕಡಮೆ. ಅದರಲ್ಲಿಯೂ ಮಂಜು ಕಂಡರೆ ಎಲ್ಲಿ ಕಂಡಿತೆಂಬುದನ್ನು ನೋಡಬೇಕು. ಒಳಮೈಯಲ್ಲಿ ಕಂಡರೆ ಕೋಣೆಯಲ್ಲಿ ತೇವ ಹೆಚ್ಚಿದೆ. ಎರಡು ಗಾಜುಗಳ ನಡುವೆ ಕಂಡರೆ ಅಂಚಿನ ಬಿಗಿ ಬಿಟ್ಟಿದೆ. ಒರಸಿ ಫಲವಿಲ್ಲ, ಗಾಜನ್ನೇ ಬದಲಿಸಬೇಕು. ಹೊರಮೈಯಲ್ಲಿ ಕಂಡರೆ ಚಿಂತೆಯಿಲ್ಲ. ಒಳಗಿನ ಶಾಖ ಹೊರಗೆ ಸೋರುತ್ತಿಲ್ಲವೆಂಬುದಕ್ಕೆ ಅದೇ ಗುರುತು.

ಇಷ್ಟು ಮಾಡಿಯೂ ಬೂಷ್ಟು ಮರಳಿ ಬಂದರೆ ದೋಷ ಕಟ್ಟಡದಲ್ಲಿರಬಹುದು. ಬಾಡಿಗೆಯವರು ಸಂಕೋಚಪಡದೆ ದಿನಾಂಕ, ಛಾಯಾಚಿತ್ರಗಳೊಡನೆ ಮನೆಯೊಡೆಯರಿಗೆ ಬರೆದು ತಿಳಿಸಿ, ಪ್ರತಿಯನ್ನು ತಮ್ಮಲ್ಲಿ ಇಟ್ಟುಕೊಳ್ಳಬೇಕು. ಎಳೆಯ ಮಕ್ಕಳೂ ಉಬ್ಬಸದವರೂ ಇರುವ ಮನೆಯಲ್ಲಿ ಇದನ್ನು ನಾಳೆಗೆಂದು ಮುಂದೂಡಲಾಗದು.