ಮಾತೃಮಂದಿರದ ತಾಯಿ

ಮೈಸೂರಿನಿಂದ ದಕ್ಷಿಣಕ್ಕೆ ಸುಮಾರು ಹದಿನಾಲ್ಕು ಮೈಲಿಗಳ ದೂರದಲ್ಲಿ, ಕಪಿಲಾತೀರದಲ್ಲಿರುವ ನಂಜನಗೂಡನ್ನು ನಮ್ಮ ಸೋದರಿಯರಲ್ಲಿ ಅನೇಕರು ಶ್ರೀಕಂಠೇಶ್ವರನ ದರ್ಶನಾರ್ಥವಾಗಿ ಕಂಡಿರುವರು. ಕಾಣದವರೂ ಅಲ್ಲಿಯ ರಸಬಾಳೆಯನ್ನೂ ಹಲ್ಲುಪುಡಿಯನ್ನೂ ಹೆಸರಿನಿಂದ ಬಲ್ಲರು. ಆ ಹಲ್ಲುಪುಡಿಯ ಸದ್ವೈದ್ಯಶಾಲೆಯು ಸ್ಥಾಪಿತವಾದುದು ೧೯೧೩ರಲ್ಲಿ. ಅದೇ ವರ್ಷ ಅದೇ ಊರಿನಲ್ಲಿ ಮತ್ತೊಂದು ಸಣ್ಣ ಉದ್ಯಮವೂ ಹುಟ್ಟಿತು. ಅದರ ಸರಕು ಪುಸ್ತಕ. ಅದರ ಒಡತಿ ಇಪ್ಪತ್ತಾರು ವರ್ಷ ವಯಸ್ಸಿನ ಬಾಲವಿಧವೆ. ಅವರೇ ಶ್ರೀಮತಿ ತಿರುಮಲಾಂಬಾ.

ಅವರು ಹುಟ್ಟಿದುದು ೧೮೮೭ನೆಯ ಇಸವಿ ಮಾರ್ಚಿ ತಿಂಗಳ ೨೫ರಂದು. ತಂದೆ ವಕೀಲರಾದ ವೆಂಕಟಕೃಷ್ಣ ಅಯ್ಯಂಗಾರ್ಯರು, ತಾಯಿ ಅಲಮೇಲಮ್ಮನವರು. ಅಂದಿನ ವಾಡಿಕೆಯಂತೆ ಹತ್ತನೆಯ ವಯಸ್ಸಿನಲ್ಲಿ ಮದುವೆಯಾಯಿತು. ಹದಿನಾಲ್ಕನೆಯ ವಯಸ್ಸಿಗೆ ಪತಿವಿಯೋಗವು ಸಂಭವಿಸಿತು. ಸಂಸಾರವೆಂದರೇನೆಂದು ತಿಳಿಯುವ ಮೊದಲೇ ಸಂಸಾರವು ಮುಗಿದುಹೋಯಿತು. ಅಂಥ ಹುಡುಗಿಯರ ಪಾಡೇನಾಗುತ್ತಿತ್ತೆಂಬುದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಅಡಿಗೆಯ ಮನೆಯ ಹಿಂದಿನ ಕತ್ತಲು, ಒಪ್ಪೊತ್ತಿನ ಊಟ, ಶುಭಕಾರ್ಯಗಳಲ್ಲಿ ಮರೆಯಾಗಿ ನಿಲ್ಲುವ ಸಂಕೋಚ, ಇಷ್ಟೇ.

ಇಲ್ಲಿ ಆ ತಂದೆಯನ್ನು ನೆನೆಯದೆ ಮುಂದುವರಿಯುವುದು ಸರಿಯಲ್ಲ. ಮನೆಯ ಮಾತು ತಮಿಳಾಗಿದ್ದರೂ ಮಗಳಿಗೆ ಕನ್ನಡದ ಗ್ರಂಥಗಳನ್ನು ತಂದುಕೊಟ್ಟು, ಓದುವುದಕ್ಕೆ ಅವಕಾಶವನ್ನೂ ಬರೆಯುವುದಕ್ಕೆ ಧೈರ್ಯವನ್ನೂ ಕೊಟ್ಟವರು ಅವರೇ. ಮೈಸೂರಿನಲ್ಲಿ ೧೮೮೧ರಿಂದಲೇ ಮಹಾರಾಣಿಯವರ ಹೆಸರಿನ ಬಾಲಿಕಾ ಪಾಠಶಾಲೆಯು ನಡೆಯುತ್ತಿದ್ದುದು ನಿಜ. ಆದರೆ ಹದಿನಾಲ್ಕು ಮೈಲಿಗಳಾಚೆಯ ವಿಧವೆಯೊಬ್ಬಳಿಗೆ ಅದು ಹದಿನಾಲ್ಕು ಸಮುದ್ರಗಳಾಚೆಯಲ್ಲಿದ್ದಂತೆಯೇ ಸರಿ. ಮನೆಯೇ ಶಾಲೆಯಾಗಬೇಕಾಯಿತು.

ಮನೆಯೇ ಅಂಗಡಿಯೂ ಆಯಿತು. ೧೯೧೩ರಲ್ಲಿ ತಿರುಮಲಾಂಬಾ ಅವರು 'ಸತೀಹಿತೈಷಿಣೀ' ಎಂಬ ಗ್ರಂಥಮಾಲೆಯನ್ನಾರಂಭಿಸಿ, ತಮ್ಮ 'ಸುಶೀಲೆ' ಎಂಬ ಕಾದಂಬರಿಯನ್ನು ಅದರಲ್ಲಿ ಪ್ರಕಟಿಸಿದರು. ಪುಸ್ತಕವನ್ನು ಬರೆಯುವುದು ಒಂದು ಕಷ್ಟ. ಅದನ್ನು ಮಾರುವುದು ಬೇರೊಂದು ಕಷ್ಟ. ಕಾಗದಕ್ಕೆ ಹಣ ಹೊಂದಿಸಬೇಕು, ಅಚ್ಚಿನ ಮೊಳೆ ಜೋಡಿಸುವವರಿಗೆ ಕೂಲಿ ಕೊಡಬೇಕು, ಕರಡು ತಿದ್ದಬೇಕು, ಹೊಲಿಸಿ ರಟ್ಟು ಹಾಕಿಸಬೇಕು. ಇಷ್ಟಾದ ಮೇಲೂ ಕೊಳ್ಳುವವರ ಕಡೆಗೆ ಅಂಚೆಯ ಮೂಲಕ ವಿ. ಪಿ. ಮಾಡಿ ಕಳುಹಿಸಿ ಕಾದು ಕುಳಿತಿರಬೇಕು. ವಿ. ಪಿ. ಹಿಂದಿರುಗಿ ಬಂದರೆ ಅಂಚೆಯ ವೆಚ್ಚವೂ ಪ್ರಕಾಶಕರ ತಲೆಯ ಮೇಲೆಯೇ! ಪತ್ರಿಕೆಯ ಚಂದಾದಾರರ ಬಾಕಿಯ ಕಥೆಯಂತೂ ಕನ್ನಡ ಸಂಪಾದಕರೆಲ್ಲರಿಗೂ ಕಂಠಪಾಠ. ವೆಸ್ಲಿಯನ್ ಮಿಷನ್ನಿನ ಮುದ್ರಣಾಲಯವೂ ಎಂ. ವೆಂಕಟಕೃಷ್ಣಯ್ಯನವರ ಪತ್ರಿಕೆಗಳೂ ಇದ್ದ ಮೈಸೂರಿನಲ್ಲಿ ಗಂಡಸರೇ ಈ ವ್ಯಾಪಾರದಲ್ಲಿ ಬೆವರುತ್ತಿದ್ದರು. ಹೊಸಿಲು ದಾಟಿ ಹತ್ತು ಜನರೆದುರಿಗೆ ಹೋಗಲು ಹಿಂಜರಿಯಬೇಕಾದ ಹೆಂಗಸೊಬ್ಬಳು ಇದಕ್ಕೆ ಕೈಯಿಕ್ಕಿದುದು ಸಾಹಸವಲ್ಲದೆ ಮತ್ತೇನು?

'ಸುಶೀಲೆ'ಯು ನಾಲ್ಕು ಮುದ್ರಣಗಳನ್ನು ಕಂಡು, ೭೦೦೦ ಪ್ರತಿಗಳಷ್ಟು ವೆಚ್ಚವಾಯಿತು. ಈ ಸಂಖ್ಯೆಯನ್ನು ಇಂದಿನ ಪ್ರಕಾಶಕರೂ ಆಸೆಗಣ್ಣಿನಿಂದ ನೋಡುವರು. ಓದುಬಲ್ಲ ಹೆಂಗಸರು ಅತಿ ವಿರಳವಾಗಿದ್ದ ಕಾಲದಲ್ಲಿ ಅದೆಷ್ಟು ದೊಡ್ಡದೆಂಬುದನ್ನು ವಾಚಕರೇ ಊಹಿಸಬಹುದು. ಮರುವರ್ಷವೇ 'ನಭಾ' ಹೊರಬಂದಿತು. ಕಾಗದಗಳ ಮೂಲಕ ಕಥೆಯನ್ನು ನಡೆಯಿಸುವ ರೀತಿಯನ್ನು ಅದರಲ್ಲಿ ಪ್ರಯೋಗಿಸಿದರು. ಮುಂದೆ 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆ, ಅನಂತರ 'ಸನ್ಮಾರ್ಗದರ್ಶಿ'. ಲೇಖಕಿ, ಸಂಪಾದಕಿ, ಮುದ್ರಕಿ, ಪ್ರಕಾಶಕಿ, ಎಲ್ಲವೂ ತಾವೇ. ಕನ್ನಡದಲ್ಲಿ ಈ ಎಲ್ಲ ಕೆಲಸಗಳನ್ನೂ ಕೈಗೆತ್ತಿಕೊಂಡ ಮೊದಲನೆಯ ಹೆಂಗಸೆಂದು ಸಾಹಿತ್ಯಚರಿತ್ರೆಯು ಅವರನ್ನು ಗಣಿಸಿದೆ.

ಲಾಭವೊಂದೇ ಗುರಿಯಾಗಿದ್ದರೆ ಅವರು ಕಥೆಗಳ ಮಾರಾಟದಲ್ಲಿಯೇ ತೃಪ್ತರಾಗಿರಬಹುದಾಗಿತ್ತು. ಹಾಗಾಗಲಿಲ್ಲ. ತಮ್ಮ ಮನೆಯಲ್ಲಿಯೇ 'ಮಾತೃಮಂದಿರ'ವೆಂಬ ಹೆಸರಿನಿಂದ ಹೆಣ್ಣುಮಕ್ಕಳಿಗೆ ಪಾಠವನ್ನಾರಂಭಿಸಿದರು. ಹೆತ್ತ ಮಕ್ಕಳಿಲ್ಲದ ಆ ಸಾಧ್ವಿಯು ತನ್ನ ಶಾಲೆಗೆ ತಾಯಿಯ ಹೆಸರನ್ನೇ ಇಟ್ಟುದನ್ನು ನೆನೆದಾಗ ಮನಸ್ಸು ಕರಗುತ್ತದೆ. ಆದರೆ ಅವರನ್ನು ಇಂದಿನ ಅರ್ಥದಲ್ಲಿ ಕ್ರಾಂತಿಕಾರಿಣಿಯೆಂದು ಹೊಗಳುವುದು ನನಗೆ ಒಪ್ಪಿಗೆಯಿಲ್ಲ. ಪಾತಿವ್ರತ್ಯದ ಆದರ್ಶವನ್ನು ಅವರು ಬಿಡಲಿಲ್ಲ. ಹೆಂಗಸರು ವಿದ್ಯಾವತಿಯರಾಗಿ ಆ ಆದರ್ಶವನ್ನು ಬೆಳಗಬೇಕೆಂದು ಬಯಸಿದರು. ಅವರ ಪುಸ್ತಕಗಳಿಗೆ ಮನೆಯ ಹಿರಿಯರು ಬಾಗಿಲು ಮುಚ್ಚದಿದ್ದುದಕ್ಕೂ ಇದೇ ಕಾರಣವಾಗಿರಬಹುದು. ಕಾದಂಬರಿಯೆಂದರೆ ಮಗಳು ಕೆಟ್ಟುಹೋದಾಳೆಂದು ಹೆದರುತ್ತಿದ್ದ ತಾಯಂದಿರು 'ಸತೀಹಿತೈಷಿಣೀ' ಎಂಬ ಹೆಸರನ್ನು ನೋಡಿ ಧೈರ್ಯಪಟ್ಟಿರಬೇಕು. ವ್ಯಾಪಾರದ ಜಾಣ್ಮೆಯೂ ನಂಬಿಕೆಯೂ ಒಂದೇ ಹೆಸರಿನಲ್ಲಿ ಕೂಡಿಕೊಂಡಿದ್ದವು.

ಮುಂದಿನ ಕಥೆ ದುಃಖಕರವಾದುದು. ಕಾಲದ ಅಭಿರುಚಿಯು ಬದಲಾಯಿತು. ಹೊಸಗನ್ನಡದ ಹೊಸ ಬರಹಗಾರರು ಮುಂದೆ ಬಂದರು. ಅವರ 'ಮಾತೃನಂದಿನಿ'ಯ ವಿಷಯದಲ್ಲಿ ಮಾಸ್ತಿಯವರು ಬರೆದ ಕಠಿನವಾದ ವಿಮರ್ಶೆಯಿಂದ ಮನನೊಂದು ಅವರು ಬರೆವಣಿಗೆಯಿಂದ ವಿಮುಖರಾದರೆಂದು ಅವರ ಚರಿತ್ರೆಯನ್ನು ಬರೆದವರು ಹೇಳಿರುವರು. ವಿಮರ್ಶಕನಿಗೆ ತನ್ನ ಅಭಿಪ್ರಾಯವನ್ನು ಹೇಳುವ ಹಕ್ಕುಂಟು, ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಹೆಂಗಸಿಗೆ ಲೇಖನಿಯೊಂದೇ ಸಂಸಾರವಾಗಿತ್ತೆಂಬುದನ್ನು ಮರೆಯಲಾಗದು. ಪುಸ್ತಕಗಳು ಅಂಗಡಿಗಳಿಂದ ಮಾಯವಾದವು. ಅವರು ಮದರಾಸನ್ನು ಸೇರಿ ಹಲವು ದಶಕಗಳ ಕಾಲ ಅಜ್ಞಾತವಾಗಿ ಬಾಳಿದರು.

ಬೆಂಗಳೂರಿನ ಎನ್. ಎಂ. ಕೆ. ಆರ್. ವಿ. ಮಹಿಳಾ ಕಾಲೇಜಿನ ಚಿ. ನ. ಮಂಗಳಾ ಅವರು ಈ ಹಿರಿಯರನ್ನು ಅರಸಿ ಕಂಡು, ಮರೆತುಹೋದ ಹೆಸರನ್ನು ಪುನಃ ಕನ್ನಡಿಗರ ಕಿವಿಗೆ ಮುಟ್ಟಿಸಿದರು. ೧೯೮೨ನೆಯ ಆಗಸ್ಟ್ ೩೧ರಂದು, ತಮ್ಮ ತೊಂಬತ್ತೈದನೆಯ ವಯಸ್ಸಿನಲ್ಲಿ, ತಿರುಮಲಾಂಬಾ ಅವರು ತೀರಿಕೊಂಡರು. ಮಂಗಳಾ ಅವರು ಆ ಕಾಲೇಜಿನಲ್ಲಿ ಕಟ್ಟಿದ 'ಶಾಶ್ವತಿ'ಯ ವತಿಯಿಂದ ಕನ್ನಡದ ಲೇಖಕಿಯರಿಗೆ ಒಂದು ಪ್ರಶಸ್ತಿಯು ಏರ್ಪಟ್ಟಿತು. ಅದಕ್ಕೆ ಇಟ್ಟ ಹೆಸರು ನಂಜನಗೂಡು ತಿರುಮಲಾಂಬಾ ಎಂದು.